ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ಆನ್ ಆಗಲು ತಡವೇ? ತಡ ಎಲ್ಲಾಗುತ್ತಿದೆ ಎಂದು ಮೊದಲು ಹುಡುಕಿ

ಮೈಕ್ರೋಸಾಫ್ಟ್ ವಿಂಡೋಸ್‌ನ ಮಾಸಿಕ ಅಪ್‌ಡೇಟ್‌ಗಳನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುಗಡೆ ಮಾಡುತ್ತದೆ. 2003ರಿಂದ ಇದೇ ಪದ್ಧತಿ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗಿನ 10 ಗಂಟೆ ಆದಾಗ ನಮ್ಮಲ್ಲಿ ರಾತ್ರಿ ಹತ್ತೂವರೆ, ಅವರ ಚಳಿಗಾಲದಲ್ಲಿ ಹನ್ನೊಂದೂವರೆ. ಹೀಗಾಗಿ ನಮ್ಮ ಮನೆ, ಅಂಗಡಿ, ಆಫೀಸುಗಳ ಕಂಪ್ಯೂಟರ್‌ಗಳು ಅದನ್ನು ಇಳಿಸಿಕೊಳ್ಳುವುದು ಸಾಮಾನ್ಯವಾಗಿ ಬುಧವಾರದಿಂದ. ‘ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ಆನ್ ಆಗೋಕೇ ಐದು ನಿಮಿಷ ಬೇಕು’ ಎಂಬ ಮಾತು ಶುರುವಾಗುವುದೂ ಆಗಲೇ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು. ಯಾವುದೋ ಕ್ಲೀನರ್ ಸಾಫ್ಟ್‌ವೇರ್ ಹಾಕಿ ಓಡಿಸುತ್ತಾರೆ, ಇಲ್ಲವೇ ಅಂಗಡಿಗೆ ಕೊಂಡೊಯ್ದು ಫಾರ್ಮ್ಯಾಟ್ ಮಾಡಿಸುತ್ತಾರೆ. ಎರಡೂ ಬೇಕಿಲ್ಲ. ಪವರ್ ಬಟನ್ ಒತ್ತಿದಾಗಿನಿಂದ ಕೆಲಸಕ್ಕೆ ಕೂರುವವರೆಗೆ ನಾಲ್ಕು ಹಂತಗಳಿವೆ. ತಡ ಯಾವ ಹಂತದಲ್ಲಿ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಗೊತ್ತಾಗದೆ ಮುಟ್ಟಿದರೆ ಸರಿಯಿದ್ದದ್ದನ್ನೂ ಕೆಡಿಸಿಕೊಳ್ಳುತ್ತೇವೆ. ಈ ಮಾರ್ಗದರ್ಶಿ ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತದೆ. ಮೆನುಗಳ ಹೆಸರು ಎರಡರಲ್ಲೂ ಸ್ವಲ್ಪ ಬೇರೆ ಇರಬಹುದು. ನಾನು ಮುಖ್ಯವಾಗಿ 11ರ ಹೆಸರುಗಳನ್ನೇ ಬಳಸಿದ್ದೇನೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಹಳೆಯ ಯಂತ್ರದಲ್ಲೇ 11ಕ್ಕೆ ಹಾರಿದವರು ಬಹಳ ಮಂದಿ, ಈ ತೊಂದರೆ ಹೆಚ್ಚಾಗಿ ಕಾಡುವುದೂ ಅವರನ್ನೇ.

ಮೊದಲು ಒಂದೆರಡು ದಿನ ಬಿಡಿ

ಅಪ್‌ಡೇಟ್ ಮುಗಿಯಿತೆಂದು ಪರದೆ ಹೇಳಿದರೂ ಒಳಗಿನ ಕೆಲಸ ಮುಗಿದಿರುವುದಿಲ್ಲ. ಹಳೆಯ ಫೈಲುಗಳನ್ನು ತೆರವುಗೊಳಿಸುವುದು, ಹುಡುಕಾಟದ ಸೂಚಿಯನ್ನು ಮತ್ತೆ ಕಟ್ಟುವುದು, ಹಲವು ಪ್ರೋಗ್ರಾಮ್‌ಗಳು ನೆಚ್ಚಿಕೊಂಡಿರುವ ಡಾಟ್‌ನೆಟ್ ಘಟಕಗಳನ್ನು ಈ ಯಂತ್ರಕ್ಕೆ ಹೊಂದುವಂತೆ ಮರುಸಂಯೋಜಿಸುವುದು, ಹೊಸ ಫೈಲುಗಳನ್ನು ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಪರಿಶೀಲಿಸುವುದು ಎಲ್ಲವೂ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ‘ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್’, ‘ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟೆಬಲ್’, ‘ಸರ್ಚ್ ಇಂಡೆಕ್ಸರ್’ ಇವು ಪಟ್ಟಿಯ ಮೇಲ್ಭಾಗದಲ್ಲಿದ್ದರೆ ಕಂಪ್ಯೂಟರ್ ತನ್ನ ಬಾಕಿ ಕೆಲಸ ಮುಗಿಸಿಕೊಳ್ಳುತ್ತಿದೆ ಎಂದರ್ಥ. ಬಲವಂತವಾಗಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಮುಂದಿನ ಸಲ ಮತ್ತೆ ಅದೇ ಕೆಲಸ ಶುರುವಾಗುತ್ತದೆ.

ಚಾರ್ಜರ್ ಹಾಕಿ, ಸ್ಲೀಪ್‌ಗೆ ಹೋಗದಂತೆ ಮಾಡಿ, ರಾತ್ರಿಯಿಡೀ ಆನ್ ಇಟ್ಟುಬಿಡಿ. ನಮ್ಮ ಊರುಗಳಲ್ಲಿ ಕರೆಂಟ್ ಹೋಗುವುದು ಮಾಮೂಲು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಈ ಹೊತ್ತಿನಲ್ಲಿ ಬಿಡಬೇಡಿ. ಅಪ್‌ಡೇಟ್ ನಡುವೆ ವಿದ್ಯುತ್ ಕಡಿದು ಸಿಸ್ಟಮ್ ಫೈಲುಗಳು ಅರ್ಧಂಬರ್ಧ ಬರೆದುಕೊಂಡರೆ ಮುಂದೆ ಪ್ರತಿ ಸಲ ಆನ್ ಮಾಡುವಾಗಲೂ ಅದರ ಫಲ ಉಣ್ಣಬೇಕಾಗುತ್ತದೆ. ಬೆಳಿಗ್ಗೆ ಎದ್ದು ಎರಡು ಬಾರಿ ರೀಸ್ಟಾರ್ಟ್ ಮಾಡಿ. ಈ ಹಂತದಲ್ಲೇ ಬಹಳಷ್ಟು ಕಂಪ್ಯೂಟರ್‌ಗಳು ಸರಿಹೋಗುತ್ತವೆ.

ಕೈ ಹಾಕುವ ಮುನ್ನ ಎರಡು ಕೆಲಸ

ಮುಖ್ಯ ಫೈಲುಗಳನ್ನು ಬೇರೆ ಡ್ರೈವ್‌ಗೋ ಕ್ಲೌಡ್‌ಗೋ ನಕಲು ಮಾಡಿ. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಫೈಲುಗಳನ್ನೇ ಅಳಿಸಿದ್ದರಿಂದ ಮೈಕ್ರೋಸಾಫ್ಟ್ ಅದರ ವಿತರಣೆಯನ್ನೇ ತಡೆಹಿಡಿಯಬೇಕಾಯಿತು. ಅಂಥದ್ದು ಅಪರೂಪ, ಆದರೆ ಮಕ್ಕಳ ಫೋಟೋ, ಅಂಗಡಿಯ ಲೆಕ್ಕ ಮತ್ತೆ ಸಿಗುವಂಥವಲ್ಲ.

ಎರಡನೆಯದು ಬಿಟ್‌ಲಾಕರ್ ರಿಕವರಿ ಕೀ. ಡ್ರೈವ್‌ನಲ್ಲಿರುವುದನ್ನು ಸಂಕೇತಕ್ಕೆ ಬದಲಿಸಿ (ಎನ್‌ಕ್ರಿಪ್ಟ್ ಮಾಡಿ) ಬೀಗ ಹಾಕುವ ವಿಂಡೋಸ್ ಸೌಲಭ್ಯವೇ ಬಿಟ್‌ಲಾಕರ್. ಈಗಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದೆಯೇ ಡ್ರೈವ್ ಎನ್‌ಕ್ರಿಪ್ಟ್ ಆಗಿರುತ್ತದೆ. ಬಯೋಸ್‌ನಲ್ಲಿ, ಎಂದರೆ ವಿಂಡೋಸ್‌ಗಿಂತ ಮೊದಲು ಏಳುವ ಯಂತ್ರದ ಮೂಲ ಸಾಫ್ಟ್‌ವೇರ್‌ನಲ್ಲಿ, ಏನಾದರೂ ಬದಲಿಸಿದಾಗ ವಿಂಡೋಸ್ 48 ಅಂಕಿಗಳ ಕೀ ಕೇಳಿ ಕುಳಿತುಬಿಡಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ವೆಬ್‌ನಲ್ಲಿ ಲಾಗಿನ್ ಆಗಿ, ಡಿವೈಸಸ್ ವಿಭಾಗದಲ್ಲಿ ಆ ಕೀ ಇದೆಯೇ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದು ಸಿಗದಿದ್ದರೆ ಬಯೋಸ್ ಮುಟ್ಟಲೇಬೇಡಿ.

ಅಳತೆ: ನಾಲ್ಕು ಹಂತಗಳು

ಮೊಬೈಲಿನ ಸ್ಟಾಪ್‌ವಾಚ್ ತೆಗೆದುಕೊಳ್ಳಿ. ಕಂಪ್ಯೂಟರ್ ಪೂರ್ತಿ ರೀಸ್ಟಾರ್ಟ್ ಮಾಡಿ, ಕೆಳಗಿನ ನಾಲ್ಕು ಗಡಿಗಳಲ್ಲಿ ಸಮಯ ಗುರುತು ಹಾಕಿಕೊಳ್ಳಿ.

1. ಪರದೆ ಕಪ್ಪಾಗಿ ಕಂಪನಿಯ ಲೋಗೋ ಬಂದಾಗಿನಿಂದ ಸುತ್ತುವ ಚುಕ್ಕಿಗಳು ಕಾಣಿಸುವವರೆಗೆ. ಇದು ಬಯೋಸ್ ಅಥವಾ ಅದರ ಹೊಸ ರೂಪವಾದ ಯುಇಎಫ್‌ಐ ಹಂತ. ವಿಂಡೋಸ್ ಇನ್ನೂ ಶುರುವಾಗಿಲ್ಲ.
2. ಚುಕ್ಕಿಗಳು ಸುತ್ತಲು ಶುರುವಾದಾಗಿನಿಂದ ಲಾಕ್ ಸ್ಕ್ರೀನ್‌ವರೆಗೆ. ಕರ್ನಲ್ (ವಿಂಡೋಸ್‌ನ ತಿರುಳು), ಡ್ರೈವರ್ (ಯಂತ್ರದ ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರ್), ಸರ್ವಿಸ್‌ಗಳು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳು) ಏಳುವ ಹೊತ್ತು.
3. ಪಿನ್ ಅಥವಾ ಪಾಸ್‌ವರ್ಡ್ ಹಾಕಿದಾಗಿನಿಂದ ಡೆಸ್ಕ್‌ಟಾಪ್ ಕಾಣುವವರೆಗೆ.
4. ಡೆಸ್ಕ್‌ಟಾಪ್ ಕಂಡಾಗಿನಿಂದ ಬ್ರೌಸರ್ ತೆರೆದು ತಡೆಯಿಲ್ಲದೆ ಕೆಲಸ ಮಾಡುವಂತಾಗುವವರೆಗೆ.

ಶಟ್‌ಡೌನ್ ಮಾಡಿ ಆನ್ ಮಾಡುವ ಬದಲು ರೀಸ್ಟಾರ್ಟ್ ಎಂದದ್ದಕ್ಕೆ ಕಾರಣ ಮುಂದೆ ಬರುತ್ತದೆ. ನಾಲ್ಕನೆಯ ಹಂತವನ್ನು ಅಳೆಯುವುದು ಕೊಂಚ ಅಂದಾಜಿನ ಮಾತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಮತ್ತು ಸಿಪಿಯು ಶೇಕಡಾ ಹತ್ತರ ಆಸುಪಾಸಿಗೆ ಇಳಿದರೆ ಅಲ್ಲಿಗೆ ನಿಲ್ಲಿಸಿ.

ವಿಂಡೋಸ್ ಕೂಡ ತನ್ನ ಲೆಕ್ಕ ಇಟ್ಟಿರುತ್ತದೆ, ಅದನ್ನು ತೆರೆದು ನೋಡುವವರು ಕಡಿಮೆ. ಸ್ಟಾರ್ಟ್ ಮೆನುವಿನಲ್ಲಿ ‘ಇವೆಂಟ್ ವ್ಯೂವರ್’ ಎಂದು ಹುಡುಕಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಎಡಗಡೆ ‘ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್’, ಅದರೊಳಗೆ ‘ಮೈಕ್ರೋಸಾಫ್ಟ್’, ‘ವಿಂಡೋಸ್’, ‘ಡಯಾಗ್ನಾಸ್ಟಿಕ್ಸ್-ಪರ್ಫಾರ್ಮೆನ್ಸ್’, ಕೊನೆಗೆ ‘ಆಪರೇಶನಲ್’. ಇಲ್ಲಿ 100ನೇ ಸಂಖ್ಯೆಯ ಇವೆಂಟ್ ಎಂದರೆ ಒಂದು ಸ್ಟಾರ್ಟಪ್‌ನ ದಾಖಲೆ. ‘ಬೂಟ್ ಡ್ಯುರೇಶನ್’ ಮಿಲಿಸೆಕೆಂಡ್‌ಗಳಲ್ಲಿರುತ್ತದೆ, 45000 ಎಂದಿದ್ದರೆ 45 ಸೆಕೆಂಡ್. ಅಪ್‌ಡೇಟ್ ಆದ ದಿನಕ್ಕಿಂತ ಹಿಂದಿನ ದಾಖಲೆಗಳೂ ಅಲ್ಲೇ ಇರುತ್ತವೆ. ಹಿಂದಿನದನ್ನೂ ಈಗಿನದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಸಂಖ್ಯೆ ಹೆಚ್ಚೇನೂ ಬದಲಾಗಿಲ್ಲದಿದ್ದರೆ ನಿಧಾನ ಮೊದಲಿನಿಂದಲೂ ಇತ್ತು, ಅಪ್‌ಡೇಟ್ ನೆಪವಾಯಿತು ಅಷ್ಟೇ. ಆಗ ನೇರವಾಗಿ ಡಿಸ್ಕ್ ಕುರಿತ ಭಾಗಕ್ಕೆ ಹೋಗಿ.

101, 102, 103 ಸಂಖ್ಯೆಯ ಇವೆಂಟ್‌ಗಳು ಇನ್ನೂ ಉಪಯುಕ್ತ. 101 ಯಾವ ಪ್ರೋಗ್ರಾಮ್, 102 ಯಾವ ಡ್ರೈವರ್, 103 ಯಾವ ಸರ್ವಿಸ್ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು ಎಂದು ಫೈಲಿನ ಹೆಸರು ಸಮೇತ ಹೇಳುತ್ತವೆ. ಒಂದೇ ಹೆಸರು ಮೂರು ನಾಲ್ಕು ಸಲ ಕಂಡರೆ ಬರೆದಿಟ್ಟುಕೊಳ್ಳಿ.

ನಾಲ್ಕನೇ ಹಂತ: ಡೆಸ್ಕ್‌ಟಾಪ್ ಬಂದರೂ ಅಲುಗಾಡುವುದಿಲ್ಲ

ಇಲ್ಲಿಂದಲೇ ಆರಂಭಿಸುತ್ತೇನೆ, ಯಾಕೆಂದರೆ ಹೆಚ್ಚಿನ ತಡ ಸಿಕ್ಕಿಬೀಳುವುದು ಇಲ್ಲೇ, ಸರಿಪಡಿಸುವುದೂ ಸುಲಭ.

ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಸ್ಟಾರ್ಟಪ್ ಆ್ಯಪ್ಸ್’ ತೆರೆಯಿರಿ. ‘ಸ್ಟಾರ್ಟಪ್ ಇಂಪ್ಯಾಕ್ಟ್’ ಎಂಬ ಕಾಲಮ್ಮಿನ ಮೇಲೆ ಕ್ಲಿಕ್ ಮಾಡಿದರೆ ‘ಹೈ’ ಇರುವವು ಒಂದೆಡೆ ಸೇರುತ್ತವೆ. ಒಂದು ಸೆಕೆಂಡಿಗಿಂತ ಹೆಚ್ಚು ಸಿಪಿಯು ಸಮಯ ಅಥವಾ 3 ಎಂಬಿಗಿಂತ ಹೆಚ್ಚು ಡಿಸ್ಕ್ ಓದು-ಬರಹ ಮಾಡಿದ ಪ್ರೋಗ್ರಾಮ್‌ಗೆ ವಿಂಡೋಸ್ ‘ಹೈ’ ಎಂದು ಗುರುತು ಹಾಕುತ್ತದೆ. ‘ನಾಟ್ ಮೆಶರ್ಡ್’ ಎಂದಿದ್ದರೆ ಇನ್ನೂ ಅಳೆದಿಲ್ಲ, ಒಂದೆರಡು ರೀಸ್ಟಾರ್ಟ್ ನಂತರ ನೋಡಿ.

ಏನನ್ನು ನಿಲ್ಲಿಸಬೇಕು? ಟೀಮ್ಸ್‌ನಂಥ ಮಾತುಕತೆಯ ಆ್ಯಪ್‌ಗಳು, ಸ್ಪಾಟಿಫೈ, ಗೇಮ್ ಲಾಂಚರ್‌ಗಳು, ಬ್ರೌಸರ್ ತನ್ನಷ್ಟಕ್ಕೆ ಏಳುವ ಆಯ್ಕೆ, ಪ್ರಿಂಟರ್ ಕಂಪನಿಯ ಸಹಾಯಕ, ಲ್ಯಾಪ್‌ಟಾಪ್ ಕಂಪನಿಯ ಪ್ರಚಾರದ ಆ್ಯಪ್. ಇವನ್ನೆಲ್ಲ ‘ಡಿಸೇಬಲ್’ ಮಾಡಿದರೆ ಅವು ಅಳಿಸಿಹೋಗುವುದಿಲ್ಲ, ನೀವು ಕ್ಲಿಕ್ ಮಾಡಿದಾಗ ತೆರೆಯುತ್ತವೆ. ಪ್ರಿಂಟರ್ ಸಹಾಯಕ ನಿಲ್ಲಿಸಿದರೂ ಪ್ರಿಂಟ್ ಸಾಮಾನ್ಯವಾಗಿ ಬರುತ್ತದೆ.

ಏನನ್ನು ಮುಟ್ಟಬಾರದು? ಟಚ್‌ಪ್ಯಾಡ್, ಆಡಿಯೋ, ಗ್ರಾಫಿಕ್ಸ್‌ಗೆ ಸೇರಿದವು, ‘ವಿಂಡೋಸ್ ಸೆಕ್ಯುರಿಟಿ’. ಜಿಎಸ್‌ಟಿ ಕಟ್ಟುವವರು, ಲೆಕ್ಕಪರಿಶೋಧಕರು, ಸರ್ಕಾರಿ ಕಚೇರಿಯವರು ಡಿಜಿಟಲ್ ಸಹಿಯ ಟೋಕನ್ ಬಳಸುತ್ತಿದ್ದರೆ ಅದರ ಸಾಫ್ಟ್‌ವೇರ್ ಈ ಪಟ್ಟಿಯಲ್ಲಿರಬಹುದು. ಅದನ್ನು ನಿಲ್ಲಿಸಿದರೆ ಸಹಿ ಹಾಕುವ ಹೊತ್ತಿಗೆ ಟೋಕನ್ ಕಾಣಿಸದೆ ಪೇಚಾಟವಾಗುತ್ತದೆ. ನುಡಿ ಅಥವಾ ಬರಹವನ್ನು ದಿನವೂ ಬಳಸುವವರು ಅದನ್ನು ಉಳಿಸಿಕೊಳ್ಳಿ. ಅಪರೂಪಕ್ಕೆ ಯೂನಿಕೋಡ್‌ನಲ್ಲಿ ನಾಲ್ಕು ಸಾಲು ಟೈಪ್ ಮಾಡುವವರಿಗೆ ವಿಂಡೋಸ್‌ನೊಳಗೇ ಇರುವ ಕನ್ನಡ ಕೀಬೋರ್ಡ್ ಸಾಕು. 2019ರಿಂದ ಅದರಲ್ಲಿ ಉಚ್ಚಾರಣೆ ಆಧಾರಿತ ಕನ್ನಡ ಟೈಪಿಂಗ್ ಕೂಡ ಇದೆ, ಬೇರೆ ಪ್ರೋಗ್ರಾಮ್ ಏಳಬೇಕಿಲ್ಲ.

ಒನ್‌ಡ್ರೈವ್ ವಿಷಯದಲ್ಲಿ ಯೋಚಿಸಿ ನಿರ್ಧರಿಸಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳ ಬ್ಯಾಕಪ್ ಅದರ ಮೇಲೆ ನಿಂತಿದ್ದರೆ ನಿಲ್ಲಿಸಬೇಡಿ. ಬಳಸುತ್ತಲೇ ಇಲ್ಲವಾದರೆ ನಿಲ್ಲಿಸಿ.

ಇನ್ನು ಎರಡು ಕಡೆ ಕಣ್ಣಾಡಿಸಿ. ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ ಒಳಗೆ ‘ಸೈನ್-ಇನ್ ಆಪ್ಷನ್ಸ್’ನಲ್ಲಿ, ಹಿಂದೆ ತೆರೆದಿದ್ದ ಆ್ಯಪ್‌ಗಳನ್ನು ನೆನಪಿಟ್ಟು ಮತ್ತೆ ತೆರೆಯುವ ಆಯ್ಕೆ ಇದೆ. ಅದು ಆನ್ ಇದ್ದರೆ ನಿನ್ನೆ ರಾತ್ರಿ ತೆರೆದಿದ್ದವು ಬೆಳಿಗ್ಗೆ ಒಟ್ಟಿಗೆ ಏಳುತ್ತವೆ. ಆಫ್ ಮಾಡಿ. ಎರಡನೆಯದು ಆಂಟಿವೈರಸ್. ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್‌ನ ಅವಧಿ ಮುಗಿದಿದ್ದರೂ ಅದರ ಸರ್ವಿಸ್‌ಗಳು ಏಳುತ್ತಲೇ ಇರುತ್ತವೆ. ದುಡ್ಡು ಕೊಟ್ಟು ನವೀಕರಿಸುವ ಉದ್ದೇಶವಿಲ್ಲದಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ ಡಿಫೆಂಡರ್‌ಗೆ ಬಿಡಿ. ಮನೆಬಳಕೆಗೆ ಡಿಫೆಂಡರ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟಾದರೂ ಏನೋ ಏಳುತ್ತಿದೆ, ಪಟ್ಟಿಯಲ್ಲಿ ಕಾಣುತ್ತಿಲ್ಲ ಎಂದಾದರೆ ಮೈಕ್ರೋಸಾಫ್ಟ್‌ನದೇ ‘ಆಟೋರನ್ಸ್’ ಎಂಬ ಉಚಿತ ಸಾಧನವಿದೆ. ಸಿಸ್‌ಇಂಟರ್ನಲ್ಸ್ ಸಂಗ್ರಹದ ಭಾಗ. ‘ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್’ ಆನ್ ಮಾಡಿ ನೋಡಿ. ಟಿಕ್ ಮಾತ್ರ ತೆಗೆಯಿರಿ, ಡಿಲೀಟ್ ಮಾಡಬೇಡಿ.

ಎರಡನೇ ಹಂತ: ಚುಕ್ಕಿಗಳು ಸುತ್ತುತ್ತಲೇ ಇವೆ

ಇಲ್ಲಿ ಮೊದಲ ಶಂಕೆ ‘ಫಾಸ್ಟ್ ಸ್ಟಾರ್ಟಪ್’ ಮೇಲೆ. ವಿಂಡೋಸ್ 8ರ ಕಾಲದಿಂದ, ಎಂದರೆ 2012ರಿಂದ, ನೀವು ಶಟ್‌ಡೌನ್ ಒತ್ತಿದಾಗ ಕಂಪ್ಯೂಟರ್ ಪೂರ್ತಿ ಮುಚ್ಚುವುದಿಲ್ಲ. ನಿಮ್ಮ ಪ್ರೋಗ್ರಾಮ್‌ಗಳನ್ನು ಮುಚ್ಚಿ, ಕರ್ನಲ್ ಮತ್ತು ಡ್ರೈವರ್‌ಗಳ ಆಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಒಂದು ಫೈಲಿಗೆ ಬರೆದಿಡುತ್ತದೆ. ಮರುದಿನ ಅದನ್ನೇ ಓದಿಕೊಂಡು ಏಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಅಪ್‌ಡೇಟ್ ಡ್ರೈವರ್‌ಗಳನ್ನು ಬದಲಿಸಿದ್ದು, ಬರೆದಿಟ್ಟ ಸ್ಥಿತಿಯಿಂದ ಹೊಸ ಡ್ರೈವರ್ ಸರಿಯಾಗಿ ಏಳಲಾರದೆ ಹೋದರೆ ತಡವಾಗುತ್ತದೆ, ಕೆಲವೊಮ್ಮೆ ಪರದೆ ಕಪ್ಪಾಗಿಯೇ ನಿಲ್ಲುತ್ತದೆ.

ಪತ್ತೆ ಮಾಡುವುದು ಸುಲಭ. ರೀಸ್ಟಾರ್ಟ್‌ಗೆ ಎಷ್ಟು ಹೊತ್ತು, ಶಟ್‌ಡೌನ್ ಮಾಡಿ ಆನ್ ಮಾಡಲು ಎಷ್ಟು ಹೊತ್ತು ಎಂದು ಬೇರೆಬೇರೆ ಅಳೆಯಿರಿ. ಎರಡನೆಯದು ಹೆಚ್ಚಾಗಿದ್ದರೆ ಫಾಸ್ಟ್ ಸ್ಟಾರ್ಟಪ್ಪೇ ಕಾರಣ. ಇನ್ನೊಂದು ಗುರುತು: ಟಾಸ್ಕ್ ಮ್ಯಾನೇಜರ್‌ನ ‘ಪರ್ಫಾರ್ಮೆನ್ಸ್’ನಲ್ಲಿ ಸಿಪಿಯು ಕೆಳಗೆ ‘ಅಪ್ ಟೈಮ್’ ಇರುತ್ತದೆ. ದಿನವೂ ರಾತ್ರಿ ಶಟ್‌ಡೌನ್ ಮಾಡುತ್ತಿದ್ದರೂ ಅದು ಹತ್ತು ಹನ್ನೆರಡು ದಿನ ತೋರಿಸುತ್ತಿದ್ದರೆ ನಿಮ್ಮ ಕಂಪ್ಯೂಟರ್ ಅಷ್ಟು ದಿನಗಳಿಂದ ಹೊಸದಾಗಿ ಎದ್ದೇ ಇಲ್ಲ.

ಆಫ್ ಮಾಡಲು ಕಂಟ್ರೋಲ್ ಪ್ಯಾನೆಲ್‌ನ ‘ಹಾರ್ಡ್‌ವೇರ್ ಅಂಡ್ ಸೌಂಡ್’, ‘ಪವರ್ ಆಪ್ಷನ್ಸ್’, ನಂತರ ಎಡಗಡೆಯ ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’. ಅಲ್ಲಿ ಆಯ್ಕೆ ಮಸುಕಾಗಿ ಕಂಡರೆ ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಒತ್ತಿ, ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ನ ಟಿಕ್ ತೆಗೆದು ಸೇವ್ ಮಾಡಿ. ಶಟ್‌ಡೌನ್ ಮಾಡಿ, ಮತ್ತೆ ಆನ್ ಮಾಡಿ ನೋಡಿ. ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಇರುವ ಯಂತ್ರದಲ್ಲಿ ಇದನ್ನು ಹಾಗೆಯೇ ಆಫ್ ಬಿಡಿ, ವ್ಯತ್ಯಾಸ ಕೆಲವೇ ಸೆಕೆಂಡು. ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಒಮ್ಮೆ ಆಫ್ ಮಾಡಿ ಪೂರ್ತಿ ಶಟ್‌ಡೌನ್ ಆದ ಮೇಲೆ ಮತ್ತೆ ಆನ್ ಮಾಡಿಕೊಳ್ಳಿ, ಅಲ್ಲಿ ಅದರಿಂದ ನಿಜವಾದ ಲಾಭವಿದೆ.

ರೀಸ್ಟಾರ್ಟೂ ನಿಧಾನವಾಗಿದ್ದರೆ ಡ್ರೈವರ್ ಕಡೆ ತಿರುಗಿ. 102ನೇ ಇವೆಂಟ್‌ನಲ್ಲಿ ಹೆಸರು ಸಿಕ್ಕಿದ್ದರೆ ಅದೇ ಮೊದಲ ಗುರಿ. ಇಲ್ಲದಿದ್ದರೆ ಗ್ರಾಫಿಕ್ಸ್, ನಂತರ ಸ್ಟೋರೇಜ್, ನಂತರ ವೈಫೈ. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್‌ನ ‘ಪ್ರಾಪರ್ಟೀಸ್’ನಲ್ಲಿ ‘ಡ್ರೈವರ್’ ಟ್ಯಾಬ್‌ನಲ್ಲಿರುವ ದಿನಾಂಕ ನೋಡಿ. ಅಪ್‌ಡೇಟ್ ಜೊತೆಗೇ ಡ್ರೈವರ್ ಬದಲಾಗಿದ್ದರೆ ‘ರೋಲ್ ಬ್ಯಾಕ್ ಡ್ರೈವರ್’ ಬಟನ್ ಒತ್ತಲು ಸಿಗುತ್ತದೆ. ಅದು ಮಸುಕಾಗಿದ್ದರೆ ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಅಧಿಕೃತ ತಾಣದಲ್ಲಿ ಮಾಡೆಲ್ ಸಂಖ್ಯೆ ಕೊಟ್ಟು ಡ್ರೈವರ್ ಇಳಿಸಿಕೊಳ್ಳಿ. ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ಮೂರನೆಯವರ ಪ್ರೋಗ್ರಾಮ್‌ಗಳ ಹತ್ತಿರ ಸುಳಿಯಬೇಡಿ.

ಮೊದಲ ಹಂತ: ಲೋಗೋದಲ್ಲೇ ನಿಂತಿದೆ

ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದ ಮೇಲ್ಭಾಗದಲ್ಲಿ ‘ಲಾಸ್ಟ್ ಬಯೋಸ್ ಟೈಮ್’ ಎಂದು ಸೆಕೆಂಡುಗಳಲ್ಲಿ ಬರೆದಿರುತ್ತದೆ. ತೀರಾ ಹಳೆಯ ಯಂತ್ರಗಳಲ್ಲಿ ಕಾಣದಿರಬಹುದು. ಅದು 20 ಸೆಕೆಂಡಿಗಿಂತ ಹೆಚ್ಚಿದ್ದರೆ ವಿಂಡೋಸ್ ಒಳಗೆ ಏನು ಮಾಡಿದರೂ ಪ್ರಯೋಜನವಿಲ್ಲ.

ಎಲ್ಲ ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್, ಕಾರ್ಡ್ ರೀಡರ್, ಪ್ರಿಂಟರ್ ಕೇಬಲ್ ಕಿತ್ತು ಒಮ್ಮೆ ಆನ್ ಮಾಡಿ. ಸಮಯ ಇಳಿದರೆ ಒಂದೊಂದಾಗಿ ಮತ್ತೆ ಸೇರಿಸಿ. ಇಳಿಯದಿದ್ದರೆ ಬಯೋಸ್‌ಗೆ ಹೋಗಿ ಬೂಟ್ ಕ್ರಮದಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಮೊದಲಿದೆಯೇ, ನೆಟ್‌ವರ್ಕ್‌ನಿಂದ ಬೂಟ್ ಆಗುವ ಆಯ್ಕೆ ಆಫ್ ಇದೆಯೇ ನೋಡಿ. ಈಗ ಹಲವು ಲ್ಯಾಪ್‌ಟಾಪ್‌ಗಳ ಬಯೋಸ್ ಅಪ್‌ಡೇಟ್ ಕೂಡ ವಿಂಡೋಸ್ ಅಪ್‌ಡೇಟ್ ಮೂಲಕವೇ ಬರುತ್ತದೆ, ಆಗ ಇಲ್ಲಿನ ಆಯ್ಕೆಗಳು ಮೂಲ ಸ್ಥಿತಿಗೆ ಮರಳಿರಬಹುದು. ಡಿಡಿಆರ್5 ಮೆಮೊರಿ ಇರುವ ಹೊಸ ಡೆಸ್ಕ್‌ಟಾಪ್‌ಗಳು ಬಯೋಸ್ ಬದಲಾದ ಮೇಲೆ ಮೊದಲ ಸಲ ಮೆಮೊರಿಯನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುವುದುಂಟು, ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ದಿನಾಂಕ, ಗಂಟೆ ಪದೇಪದೇ ತಪ್ಪುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಸಿಆರ್2032 ಸೆಲ್ ಮುಗಿದಿದೆ. ಬದಲಿಸಿ.

ಮೂರನೇ ಹಂತ: ಪಾಸ್‌ವರ್ಡ್ ಹಾಕಿದ ಮೇಲೆ ‘ವೆಲ್‌ಕಮ್’

ಮನೆಯ ಕಂಪ್ಯೂಟರ್‌ಗಳಲ್ಲಿ ಇದು ಕಡಿಮೆ. ಆಫೀಸಿನಲ್ಲಿ, ಹಿಂದೆ ಜೋಡಿಸಿದ್ದ ನೆಟ್‌ವರ್ಕ್ ಡ್ರೈವ್ ಈಗ ಇಲ್ಲದಿದ್ದರೆ ಕಂಪ್ಯೂಟರ್ ಅದಕ್ಕಾಗಿ ಕಾಯುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕೆಂಪು ಗುರುತಿನ ಡ್ರೈವ್ ಕಂಡರೆ ಬಲ ಕ್ಲಿಕ್ ಮಾಡಿ ‘ಡಿಸ್‌ಕನೆಕ್ಟ್’ ಕೊಡಿ. ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು ಅದರಲ್ಲಿ ಲಾಗಿನ್ ಆಗಿ ನೋಡುವುದೂ ಒಳ್ಳೆಯ ಪರೀಕ್ಷೆ. ಅಲ್ಲಿ ವೇಗವಿದ್ದರೆ ತೊಂದರೆ ನಿಮ್ಮ ಪ್ರೊಫೈಲ್‌ನಲ್ಲಿದೆ.

ಎಲ್ಲ ಹಂತಗಳೂ ನಿಧಾನವೇ? ಡಿಸ್ಕ್ ನೋಡಿ

ಈ ಭಾಗವನ್ನು ಗಮನವಿಟ್ಟು ಓದಿ. ಟಾಸ್ಕ್ ಮ್ಯಾನೇಜರ್‌ನ ‘ಪರ್ಫಾರ್ಮೆನ್ಸ್’ನಲ್ಲಿ ‘ಡಿಸ್ಕ್ 0’ ಪಕ್ಕ ಎಚ್‌ಡಿಡಿ ಎಂದಿದೆಯೋ ಎಸ್‌ಎಸ್‌ಡಿ ಎಂದಿದೆಯೋ ನೋಡಿ. ಹಾರ್ಡ್‌ಡಿಸ್ಕ್ ಎಂದರೆ ತಿರುಗುವ ತಟ್ಟೆ ಮತ್ತು ಅದರ ಮೇಲೆ ಓಡಾಡುವ ಓದುಮುಳ್ಳು. ಸ್ಟಾರ್ಟಪ್ ಹೊತ್ತಿನಲ್ಲಿ ವಿಂಡೋಸ್ ಸಾವಿರಾರು ಚಿಕ್ಕ ಫೈಲುಗಳನ್ನು ಬೇರೆಬೇರೆ ಕಡೆಯಿಂದ ಓದಬೇಕು. ಮುಳ್ಳು ಪ್ರತಿ ಸಲ ಸರಿದು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಹೀಗಾಗಿ ಅಂಥ ಚದುರಿದ ಓದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಅಪ್‌ಡೇಟ್ ಫೈಲುಗಳನ್ನು ಚದುರಿಸಿದಾಗ ಹಾರ್ಡ್‌ಡಿಸ್ಕ್‌ಗೆ ಬೀಳುವ ಪೆಟ್ಟು ಎದ್ದು ಕಾಣುವುದು ಇದೇ ಕಾರಣಕ್ಕೆ.

ತಾತ್ಕಾಲಿಕವಾಗಿ, ಸ್ಟಾರ್ಟ್ ಮೆನುವಿನಲ್ಲಿ ‘ಡಿಫ್ರಾಗ್’ ಎಂದು ಹುಡುಕಿ ‘ಆಪ್ಟಿಮೈಸ್ ಡ್ರೈವ್ಸ್’ ಓಡಿಸಿ. ಶಾಶ್ವತ ಪರಿಹಾರ ಎಸ್‌ಎಸ್‌ಡಿ. ಹಳೆಯ ಲ್ಯಾಪ್‌ಟಾಪ್‌ಗೆ ಹಣ ಹಾಕುವುದಾದರೆ ಮೊದಲ ಹಣ ಇದಕ್ಕೇ ಹೋಗಬೇಕು, ಎರಡನೆಯದು 4 ಜಿಬಿ ರ್ಯಾಮನ್ನು 8 ಮಾಡುವುದಕ್ಕೆ. ಕೊಳ್ಳುವ ಮುನ್ನ ನಿಮ್ಮ ಯಂತ್ರದಲ್ಲಿ ಎರಡೂವರೆ ಇಂಚಿನ ಸಾಟಾ ಜಾಗವಿದೆಯೇ, ಎಂ.2 ಸ್ಲಾಟ್ (ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಜಾಗ) ಇದೆಯೇ, ಇದ್ದರೆ ಅದರ ಜೋಡಣೆಯ ವಿಧ ಸಾಟಾವೋ ಎನ್‌ವಿಎಂಇಯೋ ಎಂದು ಮಾಡೆಲ್ ವಿವರದಲ್ಲಿ ಖಚಿತಪಡಿಸಿಕೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೂ ಆನ್‌ಲೈನ್‌ನಲ್ಲಿ ತರಿಸಿದರೂ ಬಿಲ್ ಮತ್ತು ವಾರಂಟಿ ಇಲ್ಲದೆ ತೆಗೆದುಕೊಳ್ಳಬೇಡಿ. ಹಳೆಯ ಡಿಸ್ಕನ್ನು ಕ್ಲೋನ್ ಮಾಡಿಸಿದರೆ, ಎಂದರೆ ಇದ್ದಹಾಗೆಯೇ ಹೊಸದಕ್ಕೆ ನಕಲು ಮಾಡಿಸಿದರೆ, ವಿಂಡೋಸ್ ಮತ್ತೆ ಹಾಕಬೇಕಿಲ್ಲ. ಎಸ್‌ಎಸ್‌ಡಿ ಕಂಪನಿಗಳೇ ಅದಕ್ಕೆ ಸಾಫ್ಟ್‌ವೇರ್ ಕೊಡುತ್ತವೆ, ಕ್ಲೋನ್‌ಜಿಲ್ಲಾ ಎಂಬ ಉಚಿತ ಸಾಧನವೂ ಇದೆ.

ಡಿಸ್ಕ್ ಯಾವುದೇ ಇರಲಿ, ಅದರ ಆರೋಗ್ಯ ನೋಡಿ. ‘ಕ್ರಿಸ್ಟಲ್‌ಡಿಸ್ಕ್‌ಇನ್ಫೋ’ ಎಂಬ ಉಚಿತ ಪ್ರೋಗ್ರಾಮ್ ‘ಕಾಶನ್’ ಅಥವಾ ‘ಬ್ಯಾಡ್’ ಎಂದು ತೋರಿಸಿದರೆ, ಇಲ್ಲವೇ ಇವೆಂಟ್ ವ್ಯೂವರ್‌ನ ‘ಸಿಸ್ಟಮ್’ ಲಾಗ್‌ನಲ್ಲಿ ಡಿಸ್ಕ್ ಹೆಸರಿನ 7 ಅಥವಾ 153ನೇ ಇವೆಂಟ್‌ಗಳು ಸಾಲಾಗಿ ಬಿದ್ದಿದ್ದರೆ, ವೇಗದ ಮಾತು ಬಿಟ್ಟು ಮೊದಲು ಫೈಲುಗಳನ್ನು ಉಳಿಸಿಕೊಳ್ಳಿ. ಡಿಸ್ಕ್ ಸಾಯುತ್ತಿದೆ.

ಜಾಗದ ವಿಷಯ. ಸಿ ಡ್ರೈವ್‌ನಲ್ಲಿ ಶೇಕಡಾ 15ರಷ್ಟಾದರೂ ಖಾಲಿ ಇರಲಿ. ಸೆಟ್ಟಿಂಗ್ಸ್‌ನ ‘ಸಿಸ್ಟಮ್’, ‘ಸ್ಟೋರೇಜ್’, ‘ಟೆಂಪರರಿ ಫೈಲ್ಸ್’ನಲ್ಲಿ ‘ವಿಂಡೋಸ್ ಅಪ್‌ಡೇಟ್ ಕ್ಲೀನಪ್’ ಮತ್ತು ‘ಡೆಲಿವರಿ ಆಪ್ಟಿಮೈಸೇಶನ್’ ಫೈಲುಗಳನ್ನು ತೆಗೆಯಬಹುದು. ‘ಡೌನ್‌ಲೋಡ್ಸ್’ ಎದುರಿನ ಟಿಕ್ ಮಾತ್ರ ತೆಗೆದಿಡಿ, ಅದು ನಿಮ್ಮದೇ ಫೈಲುಗಳ ಫೋಲ್ಡರ್. ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಶನ್’ ಈಗಲೇ ಅಳಿಸಬೇಡಿ. ದೊಡ್ಡ ಅಪ್‌ಡೇಟ್ ಆದ 10 ದಿನಗಳೊಳಗೆ ಹಳೆಯ ಆವೃತ್ತಿಗೆ ಮರಳಲು ಅದೇ ಆಧಾರ.

ಸಿಸ್ಟಮ್ ಫೈಲುಗಳ ದುರಸ್ತಿ

ಅಪ್‌ಡೇಟ್ ಸರಿಯಾಗಿ ಕುಳಿತಿಲ್ಲವೆಂಬ ಗುಮಾನಿ ಇದ್ದರೆ ಎರಡು ಆಜ್ಞೆಗಳಿವೆ. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ‘ಟರ್ಮಿನಲ್ ಅಡ್ಮಿನ್’ ತೆರೆಯಿರಿ. ಮೊದಲನೆಯದರಲ್ಲಿ ಡಿ, ಐ, ಎಸ್, ಎಂ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ, ನಂತರ ‘ಆನ್‌ಲೈನ್’, ‘ಕ್ಲೀನಪ್-ಇಮೇಜ್’, ‘ರಿಸ್ಟೋರ್‌ಹೆಲ್ತ್’ ಎಂಬ ಮೂರು ಪದಗಳನ್ನು ಇಂಗ್ಲಿಷ್‌ನಲ್ಲೇ ಸೇರಿಸಿ. ಪ್ರತಿ ಪದದ ಮುಂಚೆ ಒಂದು ಸ್ಪೇಸ್, ಒಂದು ಓರೆಗೆರೆ ಇರಬೇಕು, ಓರೆಗೆರೆ ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವುದು. ಎರಡನೆಯ ಪದದ ನಡುವೆ ಅಡ್ಡಗೆರೆ, ಮೂರನೆಯದು ಜೋಡಿಸಿ ಬರೆದದ್ದು. ಇಂಟರ್‌ನೆಟ್ ಬೇಕು, ನಡುವೆ ನಿಂತಂತೆ ಕಂಡರೂ ಕಾಯಿರಿ. ಅದು ಮುಗಿದ ಮೇಲೆ ಎಸ್, ಎಫ್, ಸಿ ಅಕ್ಷರಗಳು, ಸ್ಪೇಸ್, ಓರೆಗೆರೆ, ಅದಕ್ಕೆ ಅಂಟಿಕೊಂಡಂತೆ ‘ಸ್ಕ್ಯಾನ್‌ನೌ’. ಈ ಕ್ರಮ ಮುಖ್ಯ: ಎರಡನೆಯದು ಹಾಳಾದ ಫೈಲಿಗೆ ಬದಲಿ ತರುವುದು ಮೊದಲನೆಯದು ಸರಿಪಡಿಸಿದ ಸಂಗ್ರಹದಿಂದ.

ಆಜ್ಞೆ ಟೈಪ್ ಮಾಡಲು ಹಿಂಜರಿಯುವವರಿಗೆ ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಒಳ್ಳೆಯ ದಾರಿಯಿದೆ. ಸೆಟ್ಟಿಂಗ್ಸ್‌ನ ‘ಸಿಸ್ಟಮ್’, ‘ರಿಕವರಿ’ಯಲ್ಲಿ ‘ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್’. ನಿಮ್ಮ ಫೈಲು, ಪ್ರೋಗ್ರಾಮ್‌ಗಳನ್ನು ಮುಟ್ಟದೆ ವಿಂಡೋಸನ್ನು ಅದರ ಮೇಲೆಯೇ ಮತ್ತೆ ಕೂರಿಸುತ್ತದೆ. ಹಲವಾರು ಜಿಬಿ ಇಳಿಸಿಕೊಳ್ಳುವುದರಿಂದ ಮೊಬೈಲ್ ಡೇಟಾದಲ್ಲಿ ಬೇಡ.

ಇನ್ನೂ ಸಿಗದಿದ್ದರೆ ಕ್ಲೀನ್ ಬೂಟ್

ಕ್ಲೀನ್ ಬೂಟ್ ಎಂದರೆ ಮೈಕ್ರೋಸಾಫ್ಟ್‌ನದಲ್ಲದ ಸರ್ವಿಸ್‌ಗಳನ್ನು ನಿಲ್ಲಿಸಿ ಕಂಪ್ಯೂಟರ್ ಆನ್ ಮಾಡುವುದು. ‘ಎಂಎಸ್ ಕಾನ್ಫಿಗ್’ ಎಂದು ಇಂಗ್ಲಿಷ್‌ನಲ್ಲಿ ಜೋಡಿಸಿ ಹುಡುಕಿ ‘ಸಿಸ್ಟಮ್ ಕಾನ್ಫಿಗರೇಶನ್’ ತೆರೆಯಿರಿ. ‘ಸರ್ವಿಸಸ್’ ಟ್ಯಾಬ್‌ನಲ್ಲಿ ಮೊದಲು ‘ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್’ಗೆ ಟಿಕ್ ಹಾಕಿ. ಇದನ್ನು ಮರೆತರೆ ವಿಂಡೋಸ್‌ನ ಅಗತ್ಯ ಸರ್ವಿಸ್‌ಗಳೂ ನಿಂತು ಲಾಗಿನ್ ಆಗಲಾರದ ಸ್ಥಿತಿ ಬರಬಹುದು. ನಂತರ ‘ಡಿಸೇಬಲ್ ಆಲ್’. ರೀಸ್ಟಾರ್ಟ್ ಮಾಡಿ. ವೇಗ ಬಂದರೆ ಅಪರಾಧಿ ಆ ಪಟ್ಟಿಯಲ್ಲೇ ಇದ್ದಾನೆ. ಅರ್ಧ ಪಟ್ಟಿ ಆನ್ ಮಾಡಿ ನೋಡಿ, ನಿಧಾನವಾದರೆ ಆ ಅರ್ಧದೊಳಗೆ ಮತ್ತೆ ಅರ್ಧ. ಹೀಗೆ ಮಾಡಿದರೆ ಮೂವತ್ತು ಸರ್ವಿಸ್‌ಗಳಿದ್ದರೂ ಐದು ರೀಸ್ಟಾರ್ಟ್‌ಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ. ಅಂಗಡಿಯ ಬಿಲ್ಲಿಂಗ್, ಲೆಕ್ಕದ ಸಾಫ್ಟ್‌ವೇರ್ ಇರುವ ಕಂಪ್ಯೂಟರ್‌ನಲ್ಲಿ ಇದನ್ನು ವ್ಯಾಪಾರ ಮುಗಿದ ಮೇಲೆ ಮಾಡಿ, ಕೊನೆಗೆ ಎಲ್ಲವನ್ನೂ ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ.

ಅಪ್‌ಡೇಟನ್ನೇ ತೆಗೆಯುವುದು

ಇದು ಕೊನೆಯ ದಾರಿ. ಮಾಸಿಕ ಅಪ್‌ಡೇಟ್ ಆದರೆ ‘ವಿಂಡೋಸ್ ಅಪ್‌ಡೇಟ್’ನ ‘ಅಪ್‌ಡೇಟ್ ಹಿಸ್ಟರಿ’ಯಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ದೊಡ್ಡ ಆವೃತ್ತಿ ಬದಲಾವಣೆಯಾಗಿದ್ದರೆ ‘ರಿಕವರಿ’ಯಲ್ಲಿ ‘ಗೋ ಬ್ಯಾಕ್’, 10 ದಿನಗಳೊಳಗೆ. ಮಾಸಿಕ ಅಪ್‌ಡೇಟ್‌ಗಳಲ್ಲಿ ಭದ್ರತೆಯ ತೇಪೆಗಳಿರುತ್ತವೆ, ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರ್ ಅವಿಲ್ಲದೆ ತಿಂಗಳುಗಟ್ಟಲೆ ಇರಕೂಡದು. ತೆಗೆದರೆ ಒಂದೆರಡು ವಾರ ‘ಪಾಜ್ ಅಪ್‌ಡೇಟ್ಸ್’ ಕೊಟ್ಟು (ಅಪ್‌ಡೇಟ್ ತಡೆದು), ಮುಂದಿನ ತಿಂಗಳದ್ದನ್ನು ಹಾಕಿಕೊಳ್ಳಿ. 11ರಲ್ಲಿ ಐದು ವಾರಗಳವರೆಗೆ ಹೀಗೆ ತಡೆಯಬಹುದು.

ಮಾಡಬಾರದ ಮೂರು

ವೀಡಿಯೋಗಳಲ್ಲಿ ಹರಿದಾಡುವ ಒಂದು ಸಲಹೆ, ‘ಸಿಸ್ಟಮ್ ಕಾನ್ಫಿಗರೇಶನ್’ನಲ್ಲಿ ‘ಬೂಟ್’ ಟ್ಯಾಬ್‌ನ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಪ್ರೊಸೆಸರ್‌ಗಳ ಸಂಖ್ಯೆ ಹೆಚ್ಚಿಸುವುದು. ವಿಂಡೋಸ್ ಮೊದಲೇ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ. ಆ ಆಯ್ಕೆ ಇರುವುದು ಪರೀಕ್ಷೆಗಾಗಿ ಮಿತಿ ಹೇರಲು. ಅಕಸ್ಮಾತ್ ಕಡಿಮೆ ಸಂಖ್ಯೆ ಆರಿಸಿದರೆ ಯಂತ್ರ ಇನ್ನಷ್ಟು ನಿಧಾನವಾಗುತ್ತದೆ. ಹಾಕಿದ್ದರೆ ಟಿಕ್ ತೆಗೆಯಿರಿ.

‘ಪ್ರೀಫೆಚ್’ ಫೋಲ್ಡರ್ ಖಾಲಿ ಮಾಡಬೇಡಿ. ಯಾವ ಪ್ರೋಗ್ರಾಮ್‌ಗೆ ಯಾವ ಫೈಲು ಬೇಕು ಎಂದು ವಿಂಡೋಸ್ ಕಲಿತದ್ದು ಅಲ್ಲಿರುತ್ತದೆ, ಅಳಿಸಿದರೆ ಮುಂದಿನ ಕೆಲವು ಸ್ಟಾರ್ಟಪ್‌ಗಳು ನಿಧಾನವಾಗುತ್ತವೆ. ರಿಜಿಸ್ಟ್ರಿ, ಎಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಕಡತ, ಅದನ್ನು ಸ್ವಚ್ಛ ಮಾಡುತ್ತೇವೆ ಎನ್ನುವ ಕ್ಲೀನರ್‌ಗಳ ಬಳಕೆಯನ್ನು ಮೈಕ್ರೋಸಾಫ್ಟ್ ಬೆಂಬಲಿಸುವುದಿಲ್ಲ, ಅವುಗಳಿಂದ ಆಗುವ ಹಾನಿಗೆ ಮರುಸ್ಥಾಪನೆಯೇ ಮದ್ದಾಗಬಹುದು.

ಸರಿಹೋದ ಮೇಲೆ ನಾಲ್ಕು ಹಂತಗಳ ಸಮಯವನ್ನು ಮತ್ತೊಮ್ಮೆ ಅಳೆದು, ದಿನಾಂಕದೊಂದಿಗೆ ಒಂದು ಚೀಟಿಯಲ್ಲಿ ಬರೆದಿಡಿ. ಏನೇನು ಬದಲಿಸಿದಿರಿ ಎಂಬುದೂ ಅದರಲ್ಲಿರಲಿ. ಮುಂದಿನ ಅಪ್‌ಡೇಟ್ ನಂತರ ನಿಧಾನ ಅನ್ನಿಸಿದರೆ ಹೋಲಿಸಲು ಅದು ಬೇಕಾಗುತ್ತದೆ, ರಿಪೇರಿ ಅಂಗಡಿಗೆ ಕೊಡಬೇಕಾಗಿ ಬಂದರೂ ಅವರಿಗೆ ತೋರಿಸಬಹುದು.